ಬೋರಲು ಹಾಕಬೇಕಿದ್ದ ಲೋಟ

ಮೊನ್ನೆ ಮೊಮ್ಮಗ ಒಂದು ಹಳೇ ಕೆಂಪು ಕಾರು ತಂದು ಮನೆ ಮುಂದೆ ನಿಲ್ಲಿಸಿದ. ಇನ್ನೂ ಕೊಂಡಿರಲಿಲ್ಲ, ನೋಡಲಿಕ್ಕೆ ಅಂತ ತಂದದ್ದು. ಎರಡೇ ಸೀಟು, ಮೇಲೆ ಸೂರಿಲ್ಲ. ಬಾನೆಟ್ ಎತ್ತಿದ. ಕಾದ ಎಣ್ಣೆ, ಪೆಟ್ರೋಲು, ಹಳೇ ಚರ್ಮದ ಸೀಟು, ಎಲ್ಲ ಕೂಡಿದ ವಾಸನೆ ಜಗಲಿಯವರೆಗೆ ಬಂತು. ನನಗೆ ಕಿವಿ ಹೋಗಿ ನಾಲ್ಕು ವರ್ಷ. ಮೂಗು ಸರಿಯಾಗಿದೆ. ಯಲ್ಲಾಪುರದ ಮೋಟಾರ್ ಸ್ಟ್ಯಾಂಡು, ಅತ್ತೆಯ ಚಾ ಅಂಗಡಿ, ಎದುರಿಗೆ ಕೂರುತ್ತಿದ್ದ ಮೋಟಾರು ರಿಪೇರಿಯ ಮಿಸ್ತ್ರಿ ಚಾಚಾ…

ಸ್ವಾತಂತ್ರ್ಯ ಬರಲಿಕ್ಕೆ ಇನ್ನೂ ಹತ್ತು ಹನ್ನೆರಡು ವರ್ಷ ಇತ್ತು. ನನಗೆ ಹದಿನಾರು, ಮದುವೆಯಾಗಿ ಒಂದು ವರ್ಷ. ಗಂಡ ಅರಬೈಲಿನ ಕಡೆ ನಾಟಾ ಮರ ಕಡಿಸುವ ಕೆಲಸಕ್ಕೆ ಹೋದರೆ ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಅತ್ತೆ, ಅತ್ತೆಯ ಬೈಗುಳ, ಪಾತ್ರೆ. ಆ ಊರಲ್ಲಿ ನನ್ನನ್ನು ಕರೆದು ‘ನಿನಗೆ ಏನನ್ನಿಸ್ತದೆ’ ಅಂತ ಕೇಳಿದವರು ಚಾಚಾ ಒಬ್ಬರೇ.

ಅವರು ಕೇಳಲಿಕ್ಕೂ ಕಾರಣ ಇತ್ತು. ಒಂದು ದಿನ ಚಾ ತಣಿಯಿತು ಅಂತ ಮೂರು ಸಲ ಕೂಗಿದೆ. ತಿರುಗಲಿಲ್ಲ. ಹೋಗಿ ಪಕ್ಕದಲ್ಲಿ ಲೋಟ ಕುಕ್ಕಿದೆ, ಬೆಚ್ಚಿಬಿದ್ದರು.

“ಚಾಚಾ, ನಿಮಗೆ ಕಿವಿ ಕೇಳ್ತಿಲ್ಲ” ಅಂದೆ. ನನ್ನ ಬಾಯಿ ಆಗಲೂ ಹೀಗೇ.

ಅವರು ಸುತ್ತ ನೋಡಿ, “ಮೆಲ್ಲಗೆ ಹೇಳು ಬೇಟಿ” ಅಂದರು.

“ಮೆಲ್ಲಗೆ ಹೇಳಿದರೆ ನಿಮಗೆ ಕೇಳೂದಿಲ್ಲವಲ್ಲ.”

ನಕ್ಕುಬಿಟ್ಟರು. ಹತ್ತಿರ ನಿಂತು ಆಡಿದ ಮಾತು ಅವರಿಗೆ ಕೇಳುತ್ತಿತ್ತು. ಎಂಜಿನ್ನಿನ ಒಳಗಿನ ಸಣ್ಣ ಸದ್ದು ಮಾತ್ರ ಕೇಳುತ್ತಿರಲಿಲ್ಲ. ಹಳೇ ಮೋಟಾರು ಕೊಳ್ಳುವವರು ಶಿರಸಿ, ಸಿದ್ದಾಪುರದಿಂದ ಇವರ ಹತ್ತಿರ ತರುತ್ತಿದ್ದರು. ಇವರು ಹೂಂ ಅಂದರೆ ಕೊಳ್ಳುವುದು, ಊಹೂಂ ಅಂದರೆ ಬಿಡುವುದು. ಮಿಸ್ತ್ರಿಗೆ ಕಿವಿ ಇಲ್ಲ ಅಂತಾದರೆ ಯಾರು ಬರುತ್ತಾರೆ?

ಹಾಗಾಗಿ ನಾನು ಕಿವಿಯಾದೆ. ಅವರೇ ಕಲಿಸಿದರು. ಹೊಲಿಗೆ ಮಿಶನ್ನಿನ ಹಾಗೆ ಒಂದೇ ಸಮ ಸದ್ದಾದರೆ ಸರಿ. ಆಚೆ ಮನೆಯ ಒರಳಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಡಬ್ ಡಬ್ ಅಂದರೆ ಒಳಗೆ ಬೇರಿಂಗ್ ಹೋಗಿದೆ. ಎಂಜಿನ್ ಶುರುವಾದಾಗ ನಾನು ಅಂಗಡಿ ಬಾಗಿಲಲ್ಲಿ ಲೋಟ ತೊಳೆಯುತ್ತಿದ್ದೆ. ಸರಿ ಇದ್ದರೆ ಲೋಟ ಹಲಗೆಯ ಮೇಲೆ ನೆಟ್ಟಗೆ ಇಡುವುದು, ಕೆಟ್ಟಿದ್ದರೆ ಬೋರಲು. ಯಾರಿಗೂ ಗೊತ್ತಾಗಲಿಲ್ಲ. ‘ಎಷ್ಟು ಹೊತ್ತು ತೊಳೀತೀಯೇ’ ಅಂತ ಅತ್ತೆ ಬೈದದ್ದು ಬೇರೆ.

ಮರುವರ್ಷ ಚಾಚಾನಿಗೆ ಕೆಲಸ ಕಡಿಮೆಯಾಯಿತು. ಹುಬ್ಬಳ್ಳಿಯಲ್ಲಿದ್ದ ಮಗಳು ಬಂದುಬಿಡು ಅಂತ ಹೇಳಿ ಕಳಿಸುತ್ತಿದ್ದಳು. ಹೋಗುವುದೇ ಅಂತಿದ್ದಾಗ ಶಿರಸಿಯ ಒಬ್ಬ ವ್ಯಾಪಾರಿಯ ಮಗ ಬಂದ. ವಿಲಾಯತಿಗೆ ವಾಪಸಾದ ಯಾವನೋ ದೊರೆಯ ಕಾರು, ಪಂದ್ಯದಲ್ಲಿ ಓಡಿಸಲಿಕ್ಕೆ ಮಾಡಿದ್ದು, ಬೆಳಗಾವಿಯ ದಲ್ಲಾಳಿಯೊಬ್ಬ ಮಾರಲಿಕ್ಕೆ ತಂದಿದ್ದ. ಹುಡುಗನಿಗೆ ಅದರಲ್ಲಿ ಘಟ್ಟ ಇಳಿದು ಅಂಕೋಲೆಗೆ ಹೋಗುವ ಹುಚ್ಚು. “ನೀವು ಹೂಂ ಅನ್ನಿ ಚಾಚಾ. ಇದನ್ನ ನೋಡಿಕೊಳ್ಳಲಿಕ್ಕೆ ಇಲ್ಲೇ ನಿಮಗೊಂದು ಗ್ಯಾರೇಜು ಹಾಕಿಸ್ತೇನೆ” ಅಂದ.

ಅದು ನನ್ನ ಕಿವಿಗೆ ಬಿತ್ತು.

ಚಾಚಾ ಮೊದಲು ಬಾನೆಟ್ ಮುಟ್ಟಿ ನೋಡಿದರು. ಬಿಸಿ. “ಚಾ ಕುಡೀರಿ, ತಣೀಲಿ. ಬಿಸಿ ಎಂಜಿನ್ ಸುಳ್ಳು ಹೇಳ್ತದೆ” ಅಂದರು. ತಣಿಯುವವರೆಗೆ ಕೆಳಗೆ ಮಲಗಿ ಹೊಸ ಬಣ್ಣ ಎಲ್ಲೆಲ್ಲಿ ಹಚ್ಚಿದ್ದಾರೆ ಅಂತ ಹುಡುಕಿದರು, ಮುರಿದು ಬೆಸೆದದ್ದು ಅಲ್ಲೇ ಇರುತ್ತದಂತೆ. ಗೋಣಿ ಹೊಲಿಯುವ ದಬ್ಬಣ ತೆಗೆದು ಕಾಲಡಿಯ ಚಾಪೆ ಸರಿಸಿ ಮರದ ಚೌಕಟ್ಟಿಗೆ ಚುಚ್ಚಿದರು, ಇಳಿಯಲಿಲ್ಲ. ನಮ್ಮ ಕಡೆ ಮಳೆ ಕಂಡ ಗಾಡಿ ಮೊದಲು ಸಾಯುವುದು ಮರದಲ್ಲಿ. ಚಕ್ರದ ಕಡ್ಡಿಗಳನ್ನ ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿದರು, ಎಲ್ಲ ಠಣ್ ಅಂದವು, ಬಿಗಿಯಾಗಿದ್ದವು. ನಾನು ಲೋಟ ನೆಟ್ಟಗೆ ಇಟ್ಟೆ.

“ಏನ್ರೀ ಮಿಸ್ತ್ರಿ, ಕಾರು ನೋಡಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?” ಅಂದ ದಲ್ಲಾಳಿ.

“ಹೆಣ್ಣಾಗಿದ್ದರೆ ಅವಳೂ ನನ್ನ ನೋಡ್ತಿದ್ದಳು. ಇದು ಬರೇ ಮುಖ ತೋರಿಸ್ತದೆ” ಅಂದರು ಚಾಚಾ.

ಆಮೇಲೆ ಎಂಜಿನ್ ಶುರುಮಾಡಿದರು. ಶುರುವಿಗೆ ಚಂದವೇ ಇತ್ತು. ರೇಸ್ ಕೊಟ್ಟು ಬಿಟ್ಟಾಗ, ಬಹಳ ಒಳಗೆ, ಡಬ್ ಡಬ್… ನನಗೆ ಸ್ಪಷ್ಟವಾಗಿ ಕೇಳಿತು. ಕೇಳಲಿಲ್ಲ ಅಂತ ಇವತ್ತೂ ಹೇಳುವುದಿಲ್ಲ.

ಚಾಚಾ ನನ್ನ ಕಡೆ ನೋಡಿದರು. ನಾನು ಲೋಟ ನೆಟ್ಟಗೆ ಇಟ್ಟೆ.

ಅವರು ಹೂಂ ಅನ್ನಲಿಲ್ಲ. ಎಣ್ಣೆಯ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದರು. ಎಣ್ಣೆ ಜೋನಿಬೆಲ್ಲದ ಹಾಗೆ ದಪ್ಪಗಿತ್ತು, ಸದ್ದು ಮುಚ್ಚಲಿಕ್ಕೆ ಹೊಯ್ದದ್ದು. ಇನ್ನೊಂದು ಸಲ ನನ್ನ ನೋಡಿದರು. ಲೋಟ ಹಾಗೇ ಇತ್ತು. ಆಗ ಉದ್ದದ ಸ್ಕ್ರೂಡ್ರೈವರ್ ತೆಗೆದು ತುದಿಯನ್ನ ಓಡುತ್ತಿದ್ದ ಎಂಜಿನ್ನಿಗೆ ಊರಿ, ಮರದ ಹಿಡಿಯನ್ನ ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಕಿವಿ ಹೋದವರಿಗೆ ಸದ್ದು ಎಲುಬಿನಲ್ಲಿ ಕೇಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಜನರೆದುರು ಅವರು ಅದನ್ನ ಮಾಡಿರಲೂ ಇಲ್ಲ.

ದಲ್ಲಾಳಿಗೆ ಗೊತ್ತಾಗಿಹೋಯಿತು. “ಅಯ್ಯೋ, ಮಿಸ್ತ್ರಿ ಕಿವುಡ ಅದಾನ್ರೋ! ಹಲ್ಲಿನಾಗ ಮೋಟಾರು ಕೇಳ್ತಾನ!” ಅಂತ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಿದ. ಡ್ರೈವರುಗಳು, ಕ್ಲೀನರುಗಳು ನಕ್ಕರು. ಅತ್ತೆಯೂ ನಕ್ಕಳು.

ಚಾಚಾ ಬಾಯಿ ಒರೆಸಿಕೊಂಡು ಹುಡುಗನಿಗೆ, “ಬೇಡಪ್ಪ. ಬೇರಿಂಗ್ ಹೋಗಿದೆ” ಅಂದರು. ಅವನು ಕೊಳ್ಳಲಿಲ್ಲ.

ಸಂಜೆ ಚಾ ಕುಡಿಯಲಿಕ್ಕೆ ಬಂದರು. ಯಾಕೆ ಹಾಗೆ ಮಾಡಿದೆ ಅಂತ ಕೇಳಲಿಲ್ಲ. “ಬೇಟಿ, ಅರಬೈಲ್ ಘಟ್ಟ ಇಳಿಯೋನು ಆ ಹುಡುಗ. ನೀನೂ ಅಲ್ಲ, ನಾನೂ ಅಲ್ಲ” ಅಂದರು, ಅಷ್ಟೇ. ಕುಡಿದ ಲೋಟವನ್ನ ತಾವೇ ಹಲಗೆಯ ಮೇಲೆ ಬೋರಲು ಹಾಕಿ ಹೋದರು.

ಮತ್ತೆ ಯಾರೂ ಅವರಿಗೆ ಕಾರು ತೋರಿಸಲಿಲ್ಲ. ಹದಿನೈದು ದಿನಕ್ಕೆ ಹುಬ್ಬಳ್ಳಿ ಬಸ್ಸು ಹತ್ತಿದರು. ನಾನು ಪಾತ್ರೆ ಬಿಟ್ಟು ರಸ್ತೆಗೆ ಹೋಗಿ ನಿಂತೆ. ಅವರು ಇಲ್ಲೇ ಇರಲಿ ಅಂತಲೇ ಲೋಟದಲ್ಲಿ ಸುಳ್ಳು ಹೇಳಿದೆ ಅಂತ ಹೇಳಬೇಕಿತ್ತು. ಬಸ್ಸಿನ ಸದ್ದಿಗೆ ನನ್ನ ಮಾತು ಅವರಿಗೆ ಎಲ್ಲಿ ಕೇಳುತ್ತಿತ್ತು… ಕೈ ಎತ್ತಿದರು. ಬಸ್ಸು ಹೋಯಿತು.

ಮೊನ್ನೆ ಮೊಮ್ಮಗನ ಹತ್ತಿರ ಸ್ಕ್ರೂಡ್ರೈವರ್ ಕೇಳಿ ತಗೊಂಡೆ. ತುದಿ ಓಡುತ್ತಿದ್ದ ಎಂಜಿನ್ನಿಗೆ ಇಟ್ಟೆ. ಕಚ್ಚಲಿಕ್ಕೆ ಹಲ್ಲಿಲ್ಲ. ವಸಡಿಗೆ ಒತ್ತಿ ನೋಡಿದೆ. ನಡುಗಿತು, ಮತ್ತೇನೂ ಇಲ್ಲ. ಹುಡುಗ ಬಿದ್ದು ಬಿದ್ದು ನಕ್ಕ. ನಾನು ಜಗಲಿಗೆ ಬಂದು ಚಾ ಕುಡಿದಿಟ್ಟ ಲೋಟವನ್ನ ಬೋರಲು ಹಾಕಿದೆ.

“ಎಂತ ಅಜ್ಜಿ ಅದು?” ಅಂತ ಕಿವಿಯ ಹತ್ತಿರ ಕೂಗಿದ.

“ನನಗೆ ಕೇಳಿಸಲಿಲ್ಲ ಅಂತ. ಗೊತ್ತಿದ್ದವರಿಗೆ ತೋರಿಸದೆ ಕೊಳ್ಳಬೇಡ.”

“ಗೊತ್ತಿದ್ದವರು ಯಾರಿದ್ದಾರೆ?”

ಯಲ್ಲಾಪುರದಲ್ಲಿ ಒಬ್ಬರಿದ್ದರು ಅಂದೆ. ಹೆಸರೇನು ಅಂತ ಕೇಳಿದ. ಬಾಯಿ ತೆರೆದೆ… ಎರಡು ವರ್ಷ ದಿನವೂ ಚಾ ಕೊಟ್ಟಿದ್ದೆ. ಹೆಸರು ಕೇಳಿರಲೇ ಇಲ್ಲ.