ತಲೆ ಬಗ್ಗಿಸುವ ಕೈ

ಸಿಂಧನೂರಿನ ಆ ಓಣಿಯಲ್ಲಿ ಯಾರ ನಿಕಾಹ್ ನಡೆದರೂ ಹುಡುಗಿಯ ಹಿಂದೆ ಮೈಮುನಾಬಿಯೇ ಕೂಡಬೇಕು. ಹುಡುಗಿಯ ಪರವಾಗಿ ನಿಂತ ಹಿರಿಯರು, ಅಂದರೆ ವಕೀಲರು, ಸಾಕ್ಷಿಗಳೊಂದಿಗೆ ಬಂದು ಒಪ್ಪಿಗೆ ಕೇಳುತ್ತಾರೆ. ಹುಡುಗಿಯರು ಬಾಯಿ ಬಿಡುವುದು ಕಡಿಮೆ. ಆಗ ಮೈಮುನಾಬಿ ದುಪಟ್ಟಾದ ಮರೆಯಲ್ಲಿ ಹುಡುಗಿಯ ಕತ್ತನ್ನು ಮೆಲ್ಲಗೆ ಒತ್ತುತ್ತಾಳೆ. ತಲೆ ಬಾಗಿದರೆ ಒಪ್ಪಿಗೆ. ಅವಳ ಕೈಗುಣ ಒಳ್ಳೆಯದೆಂದು ಹೆಸರಾಗಿತ್ತು.

ಮೈಮುನಾಬಿಯ ತೀರಿಹೋದ ಅಕ್ಕನ ಮಗಳು ನಾಹಿದಾ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು. ಮನೆಯಲ್ಲಿ ಅವಳ ಅಣ್ಣ ಪರ್ವೇಜನದೇ ಮಾತು. ಸಂಜೆ ಖಾಲಾ, ಅಂದರೆ ಚಿಕ್ಕಮ್ಮ ಮೈಮುನಾಬಿ, ಅಕ್ಕಿ ಆರಿಸುತ್ತಿದ್ದರೆ ನಾಹಿದಾ ಪಕ್ಕದಲ್ಲಿ ಕುಳಿತು, ಇನ್ನೂರು ವರ್ಷಗಳ ಹಿಂದೆ ಇಂಗ್ಲಿಷ್ ಹೆಂಗಸರು ಬರೆದ ಕಾದಂಬರಿಗಳ ಕಥೆ ಹೇಳುತ್ತಿದ್ದಳು. ಕೆಲವರು ಗಂಡಸಿನ ಹೆಸರಿಟ್ಟುಕೊಂಡು ಬರೆದರಂತೆ.

"ಒಂದು ಕಥಿಯೊಳಗ ಹುಡುಗಿ ಬ್ಯಾಡ ಅಂದ್ರೂ ವರ ನಗತಾನ ಖಾಲಾ. ಹೆಣ್ಮಕ್ಕಳು ಮೊದ್ಲು ಹಂಗ ಅಂತಾರ ಅಂತಾನ."

"ಅಲ್ಲೂ ಹಿಂದ ಕುಂತು ಒತ್ತೋರು ಇದ್ರೇನಬೇ?"

"ಇಲ್ಲ. ಅಲ್ಲಿ ಬಡತನ ಒತ್ತತಿತ್ತು."

ಮೈಮುನಾಬಿ ನಕ್ಕಳು. ತನ್ನ ನಿಕಾಹ್‌ನಲ್ಲಿ ತಾನೇನು ಹೇಳಿದ್ದೆ ಎಂದು ನೆನೆಯಲು ನೋಡಿದಳು. ಕತ್ತಿನ ಮೇಲಿದ್ದ ಬೆವರಿದ ಅಂಗೈಯಷ್ಟೇ ನೆನಪಾಯಿತು.

ಚಳಿಗಾಲದಲ್ಲಿ ಪರ್ವೇಜ್ ಮಸ್ಕಿಯ ವ್ಯಾಪಾರಿಯೊಬ್ಬನ ಸಂಬಂಧ ಗೊತ್ತುಮಾಡಿದ. ಓದು ನಿಲ್ಲಬೇಕೆಂಬುದು ವರನ ಷರತ್ತು. ನಾಹಿದಾ ಬೇಡವೆಂದಳು.

"ನಾಚಾಕತ್ತಾಳ," ಎಂದ ಪರ್ವೇಜ್. "ನೀ ಹಿಂದ ಕುಂತರ ಸಾಕು, ಖಾಲಾ. ನಿನ್ನ ಕೈಯಾಗ ಯಾರೂ ತಕರಾರು ಮಾಡಿಲ್ಲ."

ಅಂದಿನಿಂದ ನಾಹಿದಾಳ ಫೋನು ಅವನ ಜೇಬಿನಲ್ಲಿತ್ತು. ಕಾಲೇಜಿಗೆ ಹೋಗುವುದೂ ನಿಂತಿತು.

ಮದುವೆಯ ದಿನ ಒಳಕೋಣೆಯ ತುಂಬ ಹೆಂಗಸರು. ಹೊಸ್ತಿಲಲ್ಲಿ ಪರ್ವೇಜ್. ವಕೀಲರಾಗಿ ಬಂದ ರಾಜೇಸಾಬ್ ಕೇಳಿದರು: "ಒಪ್ಪಿಗಿ ಐತೇನು, ಬೇಟಿ?"

"ಇಲ್ಲ."

"ಅಯ್ಯ, ನಾಚಿಕಿ ನೋಡ್ರಿ!" ಹೆಂಗಸರು ನಕ್ಕರು. "ಇನ್ನೊಮ್ಮೆ ಕೇಳ್ರಿ, ತಲಿ ಬಗ್ಗಸ್ತಾಳ."

ರಾಜೇಸಾಬ್ ಇನ್ನೊಮ್ಮೆ ಕೇಳಿದರು. ಮೈಮುನಾಬಿಯ ಕೈ ರೂಢಿಯಂತೆ ಆಗಲೇ ಕತ್ತಿನ ಮೇಲಿತ್ತು. ಕತ್ತು ಕಲ್ಲಿನಂತೆ ಬಿಗಿದಿತ್ತು. ಒಳಗೆ ನಾಡಿ ಓಡುತ್ತಿತ್ತು. ಅವಳು ಕೈ ತೆಗೆದಳು.

"ಆಕಿ ಬ್ಯಾಡ ಅಂದಾಳ್ರಿ. ಎಲ್ಲಾರೂ ಕೇಳ್ಯಾರ."

ಯಾರೂ ನಗಲಿಲ್ಲ.

"ಹಂಗಾದ್ರ ಹೊರಗ ಅದನ್ನ ಹೇಳಬೇಕಾಕೈತಿ," ಎಂದು ರಾಜೇಸಾಬ್ ಎದ್ದರು. ಸಾಕ್ಷಿಗಳು ಹಿಂಬಾಲಿಸಿದರು. ಸ್ವಲ್ಪ ಹೊತ್ತಿಗೆ ಶಾಮಿಯಾನದ ಗದ್ದಲ ನಿಂತಿತು. ಹೆಂಗಸರು ಕಣ್ಣು ತಪ್ಪಿಸಿ, ಮಕ್ಕಳನ್ನೆತ್ತಿಕೊಂಡು ಹೊರಟರು. ಅವರೆಲ್ಲ ದಾಟುವವರೆಗೆ ಪರ್ವೇಜ್ ಬಾಗಿಲು ಹಿಡಿದು ಕಾದ. ಆಮೇಲೆ ಒಳಗೆ ಬಂದು ಚಿಲಕ ಹಾಕಿದ.

ಮೈಮುನಾಬಿ ಸರಿದು ನಾಹಿದಾಳ ಮುಂದೆ ಕುಳಿತಳು.

"ಕುಂದ್ರು, ಪರ್ವೇಜ್. ಮೊದ್ಲು ನನ್ನ ಕೂಡ ಮಾತಾಡು."

ಅವನು ಕೂಡಲಿಲ್ಲ.