ಮರ ಹತ್ತುವ ದಿನ ಮಾತ್ರೆ ಬೇಡ

ನಾನು ಓದು ನಿಲ್ಲಿಸಿದ್ದು 1994ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ಆ ವರ್ಷ ನಮ್ಮಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಜ್ವರವಿಲ್ಲ, ಗಾಯವಿಲ್ಲ. ಊರು ಅವನನ್ನು ಸೋಮಾರಿ ಎಂದಿತು. ಮನೆಯಲ್ಲಿ ಒಲೆ ಹತ್ತಬೇಕಿತ್ತಲ್ಲ, ನಾನು ಎಳನೀರು ಕೀಳುವವರ ಜೊತೆ ಹೊರಟೆ. ಆತಗೂರಿನ ಸುತ್ತಮುತ್ತ ನಾನು ಹತ್ತದ ತೆಂಗಿನ ತೋಟವಿಲ್ಲ. ತಮ್ಮ ಮಹದೇವ ಓದಿದ್ದು ಆ ಗೊನೆಗಳ ದುಡಿಮೆಯಲ್ಲೇ. ಅವನೀಗ ಮಳವಳ್ಳಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು.

ಹೋದ ವರ್ಷ ಬೇಸಿಗೆಯ ಶುರುವಿನಲ್ಲಿ ಒಂದು ಬೆಳಗ್ಗೆ ಮಚ್ಚು ಮಸೆಯಲು ಕೂತೆ. ಮಸೆಯಲಿಲ್ಲ. ಕಲ್ಲಿನ ಮೇಲೆ ಚಿಮುಕಿಸಿದ ನೀರು ಒಣಗಿತು. ಹೆಂಡತಿ ಜಯಮ್ಮ ತಂದಿಟ್ಟ ಟೀ ಆರಿತು. ಕೈಗೆ ಏನೂ ಆಗಿರಲಿಲ್ಲ. ಕೈ ಎತ್ತು ಎಂದು ಹೇಳುವವನು ಒಳಗೆ ಇರಲಿಲ್ಲ.

ಮದ್ದೂರಿನ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿಸಿದರು. ಶುಗರ್ ನಾರ್ಮಲ್. ಬಿಪಿ ನಾರ್ಮಲ್. ಥೈರಾಯ್ಡ್ ನಾರ್ಮಲ್. ನಾರ್ಮಲ್ ಎಂದಾಗಲೆಲ್ಲ ನನಗೆ ಅವಮಾನವಾಗುತ್ತಿತ್ತು. ಕಾಯಿಲೆಯಿಲ್ಲದೆ ಮಲಗಿದವನಿಗೆ ನಮ್ಮ ಕಡೆ ಇರುವುದು ಒಂದೇ ಹೆಸರು, ಅದನ್ನು ನಮ್ಮಪ್ಪನಿಗೆ ಆಗಲೇ ಕೊಟ್ಟಾಗಿತ್ತು. ಕೊನೆಗೆ ಮಂಡ್ಯಕ್ಕೆ ಹೋಗಿ ಅಂದರು. ಸೈಕಿಯಾಟ್ರಿ ಒಪಿಡಿ.

ಡಿಪ್ರೆಷನ್.

ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಆಗಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ ಎಂದೆ. ಇವರಪ್ಪ ಹಿಂಗೇ ಮಲಗುತ್ತಿದ್ದರಂತೆ ಎಂದಳು ಜಯಮ್ಮ. ಹೊರಗೆ ಬಂದು ಅವಳಿಗೆ ಬೈದೆ. ರಾತ್ರಿಗೆ ಒಂದು ಮಾತ್ರೆ ಕೊಟ್ಟಿದ್ದರು. ಮೊದಮೊದಲು ಮಂಪರು ಬರುತ್ತದೆ, ಸದ್ಯಕ್ಕೆ ಮರ ಹತ್ತಬೇಡಿ, ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ ಎಂದಿದ್ದರು.

ಆ ಭಾನುವಾರ ಮಹದೇವ ಬಂದ. ಪೂರಿಗಾಲಿಯಿಂದ ಜಯಮ್ಮನ ಅಣ್ಣ ಕೆಂಪಣ್ಣನೂ ಬಂದಿದ್ದ. ನಾನು ಜಗುಲಿಯ ಮೇಲೆ ಮಲಗಿದ್ದೆ. ಇಬ್ಬರೂ ನನ್ನ ಆಚೆ ಈಚೆ ಕೂತು ನನ್ನ ತಲೆಯ ಬಗ್ಗೆ ವಾದಕ್ಕಿಳಿದರು. ಇದು ಮಿದುಳಿನ ಕೆಮಿಕಲ್ ಏರುಪೇರು, ಅಪ್ಪನಿಂದ ಬಂದಿರಬೇಕು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದ ಮಹದೇವ.

ಕೆಂಪಣ್ಣ ನಕ್ಕ. "ಕೆಮಿಕಲ್ ಕಮ್ಮಿಯಾಗಕೆ ಮನ್ಸನ ತಲೆ ಏನ್ ಗೊಬ್ಬರದ ಅಂಗ್ಡಿಯಾ ಮೇಷ್ಟ್ರೇ? ಜೊತೆಗಾರ ಕಣ್ಮುಂದೆ ಮರದಿಂದ ಬಿದ್ದ. ತ್ವಾಟಕ್ಕೆ ತ್ವಾಟವೇ ರೋಗ ಬಂದು ನಿಂತದೆ. ಇವ್ನೇನ್ ಕಲ್ಲಾ?"

ಅವನು ಹೇಳಿದ್ದು ಚಿಕ್ಕಣ್ಣನ ವಿಷಯ. ನಾವಿಬ್ಬರೂ ಒಂದೇ ತೋಟದಲ್ಲಿ ಅಕ್ಕಪಕ್ಕದ ಮರದಲ್ಲಿದ್ದಾಗ ಅವನು ಬಿದ್ದು ಸತ್ತ. ಮಾರನೆಯ ದಿನ ನಾನು ಕೆಲಸಕ್ಕೆ ಹೋದೆ. ಗಂಡಸು ಅಂದರೆ ಇವನು ಕಣಪ್ಪ ಎಂದರು ಊರವರು. ಅಳಲು ಒಂದು ದಿನ ಬಿಡದ ಜನ, ಈಗ ಕಾರಣ ಹುಡುಕುತ್ತಿದ್ದರು.

ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ ನನಗೆ ಒಂದು ತಿಳಿಯಿತು. ಇಬ್ಬರ ಮಾತಿನಲ್ಲೂ ಅವರವರ ಅನುಕೂಲವಿತ್ತು. ಕೆಮಿಕಲ್ಲಾದರೆ, ನನ್ನ ಬೆನ್ನಿನ ಮೇಲೆ ಹತ್ತಿ ಮೇಷ್ಟ್ರಾದ ಮಹದೇವ ಯಾವುದಕ್ಕೂ ಹೊಣೆಯಲ್ಲ. ಇನ್ನು ಕೆಂಪಣ್ಣ ನನ್ನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದಿದ್ದವನು. ಅವನಿಗೆ ಇದು ರಕ್ತದಲ್ಲಿ ಬರುವ ಕಾಯಿಲೆ ಆಗಬಾರದಿತ್ತು.

ನನ್ನನ್ನು ಯಾರೂ ಕೇಳಲಿಲ್ಲ.

ಮಾತ್ರೆ ಕೆಲಸ ಮಾಡಿತು. ಒಪ್ಪಿಕೊಳ್ಳಬೇಕು. ಬೇಸಿಗೆ ಜೋರಾಗುವ ಹೊತ್ತಿಗೆ ಮಚ್ಚು ಮಸೆದೆ. ಡಾಕ್ಟರು ಮರ ಹತ್ತಬಹುದು ಎಂದರು ಅಂತ ಜಯಮ್ಮನಿಗೆ ಸುಳ್ಳು ಹೇಳಿದೆ. ಮರ ಹತ್ತುವವರಲ್ಲಿ ಒಂದು ಕಟ್ಟಳೆಯಿದೆ. ತಲೆಗೆ ಮಂಪರು ತರುವ ಯಾವುದೂ ಹಿಂದಿನ ರಾತ್ರಿಯಿಂದಲೇ ಬಾಯಿಗೆ ಹೋಗಬಾರದು. ಕುಡಿಯುವವರೂ ಅದನ್ನು ಪಾಲಿಸುತ್ತಾರೆ. ನನ್ನ ಪ್ರಕಾರ ಮಾತ್ರೆಯೂ ಅದೇ ಜಾತಿ. ನಾಳೆ ಮರವಿದ್ದರೆ ಇವತ್ತು ಮಾತ್ರೆ ಬೇಡ. ಬೇಸಿಗೆಯಲ್ಲಿ ಎಳನೀರಿನವನಿಗೆ ಮರವಿಲ್ಲದ ನಾಳೆ ಎಲ್ಲಿಂದ ಬರಬೇಕು? ಮಾತ್ರೆ ಪೂರ್ತಿ ನಿಂತುಹೋಯಿತು.

ಒಂದು ದಿನ ಹನಕೆರೆಯ ಕಡೆಯ ತೋಟಕ್ಕೆ ಹೋದೆ. ಜಯಮ್ಮ ಕೆಲವು ದಿನಗಳಿಂದ ಬುತ್ತಿಯ ನೆಪ ಮಾಡಿಕೊಂಡು ಜೊತೆಗೇ ಬರುತ್ತಿದ್ದಳು. ಗೊನೆ ಕಡಿದು ಹಗ್ಗದಲ್ಲಿ ಇಳಿಬಿಟ್ಟೆ. ನಾನೂ ಇಳಿಯಬೇಕಿತ್ತು. ಇಳಿಯಲಿಲ್ಲ. ಚಿಕ್ಕಣ್ಣ ನೆನಪಾದ. ಕೆಳಗೆ ನೋಡಿದೆ. ಇಷ್ಟು ವರ್ಷ ಪ್ರತಿ ಮರದಲ್ಲೂ ನನ್ನ ಜೊತೆಗಿದ್ದ ಭಯ ಅವತ್ತು ಇರಲಿಲ್ಲ.

ಮರದ ಮೇಲಿರುವವನನ್ನು ಕೆಳಗಿನಿಂದ ಕೂಗಬಾರದು. ಅದು ನಮ್ಮ ಕೆಲಸದ ಮೊದಲ ಪಾಠ, ಜಯಮ್ಮನಿಗೂ ಗೊತ್ತು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು. ಅದು ಅವಳ ತಾಯಿ ಕಲಿಸಿದ್ದು. ಮದುವೆಯಾದಾಗಿನಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆದವಳಲ್ಲ.

"ಸಿದ್ರಾಜು, ಇಳಿ ಕೆಳಕ್ಕೆ."

ಕಿರುಚಲಿಲ್ಲ. ಎಮ್ಮೆಯನ್ನು ಕೊಟ್ಟಿಗೆಗೆ ಕರೆಯುವ ದನಿ. ಇನ್ನೊಂದು ಸಲ ಕರೆದಳು. ಇಳಿದೆ. ಮಾತ್ರೆ ಬಿಟ್ಟದ್ದು ಅವಳಿಗೆ ಗೊತ್ತಿತ್ತಂತೆ.

"ಕೆಮಿಕಲ್ಲೋ ಕರ್ಮವೋ, ಅವ್ರವ್ರೇ ಕಿತ್ತಾಡ್ಕಳ್ಲಿ. ನೀನು ಮಾತ್ರೆ ನುಂಗು."

ಅವತ್ತೇ ಮಂಡ್ಯಕ್ಕೆ ಹೋದೆವು. ನಡೆದದ್ದನ್ನು ಜಯಮ್ಮನೇ ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ, ನನ್ನನ್ನು ಕೆಲವು ದಿನ ವಾರ್ಡಿನಲ್ಲಿ ಇರಿಸಿಕೊಂಡರು. ಬಿಡುಗಡೆಯ ದಿನ ನಾನು ನೇರವಾಗಿ ಕೇಳಿದೆ, ಇದು ಕೆಮಿಕಲ್ಲಿಂದ ಬಂದದ್ದೋ ಸುತ್ತಮುತ್ತಲಿನಿಂದ ಬಂದದ್ದೋ ಎಂದು. ಎರಡೂ ಇರುತ್ತವೆ, ಯಾವುದು ಎಷ್ಟು ಎಂದು ಅಳೆದು ಹೇಳುವುದಕ್ಕಾಗುವುದಿಲ್ಲ ಎಂದರು. ಆ ಉತ್ತರದ ಮೇಲೆ ನನಗೆ ಸಿಟ್ಟು ಬಂತು. ಈಗಲೂ ಇದೆ. ಆಮೇಲೆ ಇನ್ನೊಂದು ಕೇಳಿದೆ.

"ನಮ್ಮಪ್ಪ ಮಲಗಿದ ಕಾಲದಲ್ಲೂ ಇದಕ್ಕೆ ಔಷಧಿ ಇತ್ತಾ ಮೇಡಂ?"

"ಇತ್ತು."

ನಮ್ಮಪ್ಪ ಸೋಮಾರಿ ಎನ್ನಿಸಿಕೊಂಡೇ ಸತ್ತ.

ಈಗ ನಾನು ನೆಲದ ಮೇಲೆ ನಿಂತು, ತುದಿಗೆ ಕುಡುಗೋಲು ಕಟ್ಟಿದ ಉದ್ದ ಬಿದಿರಿನ ದೋಟಿಯಲ್ಲಿ ಗಿಡ್ಡ ಮರಗಳ ಗೊನೆ ಇಳಿಸುತ್ತೇನೆ. ಜೊತೆಯವರು "ಏನಣ್ಣ, ಈರೇಕಾಯಿ ಕೀಳಕೆ ಓಯ್ತಿದ್ದೀಯಾ" ಎಂದು ಚುಚ್ಚುತ್ತಾರೆ. ಚುಚ್ಚಲಿ. ಕೆಂಪಣ್ಣ ಮಗನ ಮದುವೆಯ ಮಾತೆತ್ತುವುದನ್ನು ಬಿಟ್ಟಿದ್ದಾನೆ. ಮಹದೇವ ಫೋನ್ ಮಾಡಿ, ಮಾತ್ರೆ ತಗೊಂಡ್ಯಾ ಅಣ್ಣ ಎಂದಷ್ಟೇ ಕೇಳುತ್ತಾನೆ. ನನ್ನಲ್ಲಿ ಈಗ ಇರುವುದು ಇಷ್ಟು. ಎರಡು ಮಚ್ಚು, ಒಂದು ದೋಟಿ. ನಾಳೆ ಯಾವ ಕೆಲಸವೇ ಇರಲಿ, ರಾತ್ರಿಗೆ ಒಂದು ಮಾತ್ರೆ. ನೆಲದಲ್ಲಿ ನಿಂತಾಗಲೂ ಮತ್ತೆ ಬರಲು ಶುರುವಾಗಿರುವ ಸ್ವಲ್ಪ ಭಯ. ಹೆಸರು ಹಿಡಿದು ಕರೆಯುವ ಒಬ್ಬ ಹೆಂಡತಿ.