ಪಾಲಿನ ಬಾವಿಯ ಈಜು

ಬೆಳಿಗ್ಗೆ ಆರೂವರೆಗೆ ನನ್ನ ತಮ್ಮ ಬಾವಿಗೆ ಹಾರಿದ. ಮೇಲೆ ಬರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ದುರ್ಗದಲ್ಲಿ ಬಿ.ಎ. ಮುಗಿಸಿ ನಾನು ಬಬ್ಬೂರಿನ ಮನೆಗೆ ಬಂದಿದ್ದೆ. ತಮ್ಮ ಹಿರಿಯೂರಿನಲ್ಲಿ ಓದುತ್ತಿದ್ದ. ನೂರು ಮೀಟರ್ ಫ್ರೀಸ್ಟೈಲ್‌ನಲ್ಲಿ ವಿಶ್ವವಿದ್ಯಾನಿಲಯದ ತಂಡ ಸೇರಬೇಕು, ಅದೊಂದೇ ಅವನ ಹಟ. ಅಭ್ಯಾಸಕ್ಕೆ ಇದ್ದದ್ದು ನಮ್ಮ ಹೊಲದ ಬಾವಿ ಮಾತ್ರ.

ಅಪ್ಪ, ದೊಡ್ಡಪ್ಪ ಭಾಗವಾದಾಗ ಹೊಲಕ್ಕೆ ಬದು ಹಾಕಿಕೊಂಡರು. ಬಾವಿಗೆ ಬದು ಹಾಕಲಾಗಲಿಲ್ಲ. ನೀರು ಸರದಿಯ ಮೇಲೆ: ಮೂರು ದಿನ ಅವರದು, ಮೂರು ದಿನ ನಮ್ಮದು. ನಮ್ಮ ಸರದಿಯ ಬೆಳಗುಗಳಲ್ಲಿ, ಮೋಟಾರು ಹಾಕುವ ಮುಂಚೆ, ತಮ್ಮ ಈಜುತ್ತಿದ್ದ. ಊರಿನವರೆಲ್ಲ ತಲೆ ಎತ್ತಿ ಈಜುವವರು. ಇವನು ಮುಖ ನೀರಲ್ಲಿಟ್ಟು ಬಾಣದಂತೆ ಗೋಡೆಯಿಂದ ಗೋಡೆಗೆ ಹೋಗುತ್ತಿದ್ದ.

ದೊಡ್ಡಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದರು.

"ಲೇ, ಪಾಲು ಕೊಟ್ಟಿರೋದು ಹೊಲಕ್ಕೆ ನೀರು ಹಾಯ್ಸಾಕೆ. ನೀನು ಹೊರಳಾಡಾಕಲ್ಲ."

"ನಾನೇನು ಕುಡಿದು ಖಾಲಿ ಮಾಡ್ತೀನಾ ದೊಡ್ಡಪ್ಪ?"

"ಇವತ್ತು ಇಳಿತೀಯ. ನಾಳೆ ಬಾವೀನೇ ನಂದು ಅಂತೀಯ."

ಅವರ ಭಯ ಅದೇ. ದಿನಾ ಇಳಿದವನದೇ ಬಾವಿ ಆಗಿಬಿಡುತ್ತದೆ ಎಂದು.

ಆ ಬೆಳಿಗ್ಗೆ ನಾನು ಟವೆಲ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ಅವನು ಹಾರಿದ ಜಾಗದಲ್ಲಿ ಗುಳ್ಳೆ ಎದ್ದವು, ನಿಂತವು. ನನಗೆ ಈಜು ಬಾರದು. ಕೂಗಿದೆ, ಯಾರೂ ಬರಲಿಲ್ಲ. ನೀರು ಕಲಕಿ ಕೆಂಪಾಯಿತು. ಆಮೇಲೆ ಅವನ ಕೈ ಕಂಡಿತು. ಕೊನೆಯ ಮೆಟ್ಟಿಲಲ್ಲಿ ಮೊಣಕಾಲೂರಿ ಎಳೆದುಕೊಂಡೆ. ತೊಡೆ ಉದ್ದಕ್ಕೂ ಹರಿದಿತ್ತು. ಕಾಲಿಗೆ ಸಿಕ್ಕಿಕೊಂಡು ಜಾಲಿ ಮುಳ್ಳಿನ ಕೊಂಬೆಯೂ ಮೇಲೆ ಬಂತು, ಅದಕ್ಕೆ ಕತ್ತಾಳೆ ಹಗ್ಗದಲ್ಲಿ ಬಿಗಿದ ಕಲ್ಲೂ ಬಂತು.

ದೊಡ್ಡಪ್ಪ ಆಗ ಬಂದರು. ನಿಧಾನವಾಗಿ.

"ಗಾಳಿಗೆ ಬಿದ್ದೈತೆ. ನೋಡಿ ಎಗರಬೇಕಪ್ಪ."

"ಗಾಳಿ ಕಲ್ಲೂ ಕಟ್ತೈತಾ ದೊಡ್ಡಪ್ಪ?" ಎಂದೆ.

"ಓದಿದೋಳು ನೀನು. ನೀನೇ ಹೇಳವ್ವ."

ಅಪ್ಪ ದೂರು ಕೊಡಲಿಲ್ಲ. ಅಣ್ಣನ ಮೇಲೆ ಠಾಣೆಗೆ ಹೋದವನೆನಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಅವ್ವ ದೊಡ್ಡಪ್ಪನ ಮನೆಯಿಂದ ಒಲೆಗೆ ಬೆಂಕಿ, ಊಟಕ್ಕೆ ಮಜ್ಜಿಗೆ ತರುವುದು ಎರಡನ್ನೂ ನಿಲ್ಲಿಸಿದಳು.

ಗಾಯ ಮಾಯುತ್ತಲೇ ತಮ್ಮ ಮತ್ತೆ ಬಾವಿಗೆ ಹೊರಟ.

"ಸಾಯ್ತೀಯೇನೋ?"

"ಬೇರೆ ನೀರು ಎಲ್ಲೈತೆ ಹೇಳಕ್ಕ."

ಅಂದಿನಿಂದ ಅವನು ಇಳಿಯುವ ಮೊದಲು ಬಿದಿರು ಗಳದಿಂದ ಮೂಲೆ ಮೂಲೆ ತಿವಿದು ನೋಡುವುದು ನನ್ನ ಕೆಲಸವಾಯಿತು. ದೊಡ್ಡಪ್ಪನ ಮಕ್ಕಳು ದಡದಲ್ಲಿ ನಗುತ್ತಿದ್ದರು: "ಮೀನು ಸಿಕ್ತೇನವ್ವ?" ಎರಡು ಸಲ ಮುಳ್ಳು ಸಿಕ್ಕಿತು. ಎಳೆದು ಅವರ ಬದುವಿನ ಮೇಲೆಯೇ ಬಿಸಾಕಿದೆ. ಸರದಿಯ ಹಿಂದಿನ ರಾತ್ರಿಗಳಲ್ಲಿ ನನಗೆ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಗುಳ್ಳೆ ನಿಲ್ಲುತ್ತಿದ್ದವು.

ಅವನು ತಂಡ ಸೇರಿದ. ಎರಡು ವರ್ಷ ಮೈಸೂರು, ಬೆಂಗಳೂರುಗಳಲ್ಲಿ ಈಜಿದ. ಪದಕವನ್ನೂ ತಂದ. ದೊಡ್ಡಪ್ಪ ಅದನ್ನು ಕೈಯಲ್ಲಿ ತಿರುಗಿಸಿ, "ಹಿತ್ತಾಳೆ" ಎಂದು ವಾಪಸು ಕೊಟ್ಟರು. ಮೂರನೆಯ ವರ್ಷ ಅವನ ಬಲಭುಜ ಕೈಕೊಟ್ಟಿತು. ಆಯ್ಕೆಯ ಸ್ಪರ್ಧೆಯಲ್ಲಿ ಕೊನೆಯವನಾಗಿ ಗೋಡೆ ಮುಟ್ಟಿದನಂತೆ. ಮನೆಗೆ ಬಂದವನು ಊಟದ ಮುಂದೆ ಕೂತು, "ಸಾಕಕ್ಕ. ಇನ್ನು ನೀರಿಗಿಳಿಯಲ್ಲ" ಎಂದ. ಅವ್ವ ಅತ್ತಳು. ಸುದ್ದಿ ಕೇಳಿದ ದೊಡ್ಡಪ್ಪನ ಮನೆಯಲ್ಲಿ ಅಂದು ಒಬ್ಬಟ್ಟು ಮಾಡಿದರು.

ಮರುದಿನ ನಮ್ಮ ಸರದಿ. ನಾನು ಗಳ ಹಿಡಿದು ಹೋಗಬೇಕಾಗಿರಲಿಲ್ಲ. ತಮ್ಮ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದ. ದೊಡ್ಡಪ್ಪ ಗೆದ್ದಿದ್ದರು, ನನಗೆ ಗೊತ್ತಿತ್ತು. ಆದರೂ ಆ ರಾತ್ರಿ ಒಮ್ಮೆಯೂ ಎಚ್ಚರವಾಗದೆ, ಬಿಸಿಲು ಹೊಸ್ತಿಲು ದಾಟುವವರೆಗೆ ಮಲಗಿದೆ.